ಮತ್ತಿ ಬುಡದ ಮಣ್ಣು, ಅಕೇಶಿಯಾ ಬುಡದ ಮಣ್ಣು: ಪಿಎಚ್ ಪೆನ್ ಬಳಸಿದ ಅನುಭವ

ಈ ಮಳೆಗಾಲಕ್ಕೆ ಬೆಟ್ಟದಲ್ಲಿ ಗಿಡ ನೆಡಬೇಕು ಅಂತ ಇರುವವರು ಸಸಿ ತರುವ ಮೊದಲು ಒಂದು ಪಿಎಚ್ ಪೆನ್ ಕೊಳ್ಳಿ. ಮಣ್ಣು ಎಷ್ಟು ಹುಳಿ (ಆಮ್ಲೀಯ) ಅಂತ ಅಂಕಿಯಲ್ಲಿ ತೋರಿಸುವ ಸಾಮಾನು ಅದು; ಅಂಕಿ 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಾವಿರ ರೂಪಾಯಿಯೊಳಗೆ ಸಿಗುವ ಈ ಪುಟ್ಟ ಸಾಮಾನು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಹುಳಿ ಇಳಿಸಲು ತೋಟಕ್ಕೆ ಎಷ್ಟು ಸುಣ್ಣ ಹಾಕಬೇಕು ಅಂತ ಅದನ್ನು ಕೇಳಬೇಡಿ. ಯಾವ ಮರ ತನ್ನ ಬುಡದ ಮಣ್ಣನ್ನು ಏನು ಮಾಡಿದೆ ಅಂತ ಕೇಳಿ. ಅದಕ್ಕೆ ಇದು ಚೆನ್ನಾಗಿ ಉತ್ತರ ಹೇಳುತ್ತದೆ.

ನಮ್ಮದು ಸಿದ್ದಾಪುರ ತಾಲೂಕು. ಅಡಿಕೆ ತೋಟ, ನಡುವೆ ಕಾಳುಮೆಣಸು, ಮೇಲೆ ಸೊಪ್ಪಿನ ಬೆಟ್ಟ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಕಾಡನ್ನು ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಬಿಟ್ಟುಕೊಟ್ಟ ವ್ಯವಸ್ಥೆ ಬ್ರಿಟಿಷರ ಕಾಲದಿಂದ ಬಂದಿದೆ. ಜಾಗ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದ್ದು. ನಮ್ಮ ಬೆಟ್ಟದಲ್ಲಿ ಮತ್ತಿ, ಹೊನ್ನೆ, ನಂದಿ, ಕಿಂದಲ್ ಮರಗಳಿವೆ. ಅದಕ್ಕೆ ತಾಗಿಕೊಂಡೇ, ಒಂದು ಗಾಡಿದಾರಿಯ ಆಚೆ, 1980ರ ದಶಕದಲ್ಲಿ ನೆಟ್ಟ ಅಕೇಶಿಯಾ ತೋಪು. ಎರಡೂ ಕಡೆ ಒಂದೇ ಇಳಿಜಾರು, ಒಂದೇ ಜಂಬಿಟ್ಟಿಗೆ ಮಣ್ಣು, ಒಂದೇ ಮಳೆ. ಮರ ಮಾತ್ರ ಬೇರೆ. ಇಂಥ ಜಾಗ ಮಲೆನಾಡಿನಲ್ಲಿ ಬೇಕಾದಷ್ಟಿವೆ. ನಿಮ್ಮ ಮನೆ ಹಿಂದೆಯೇ ಇರಬಹುದು.

ಕೊಳ್ಳುವಾಗ ಒಂದು ಎಚ್ಚರ ಬೇಕು. ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಮಣ್ಣಿನ ಪಿಎಚ್ ಮೀಟರ್ ಅಂದರೆ ಮೊದಲು ತೋರಿಸುವುದು ಎರಡು ಲೋಹದ ಕಡ್ಡಿ ಇರುವ ಹಸಿರು ಡಬ್ಬಿ. ಬ್ಯಾಟರಿ ಬೇಡ, ನೇರ ಮಣ್ಣಿಗೆ ಚುಚ್ಚಿದರೆ ಸಾಕು, ತೇವ, ಬಿಸಿಲು, ಪಿಎಚ್ ಮೂರನ್ನೂ ಹೇಳುತ್ತೆ ಅನ್ನುತ್ತಾರೆ. ಅದನ್ನು ದಯವಿಟ್ಟು ಕೊಳ್ಳಬೇಡಿ. ಎರಡು ಲೋಹಗಳ ನಡುವೆ ಹುಟ್ಟುವ ಸಣ್ಣ ಕರೆಂಟಿನಿಂದ ಮುಳ್ಳು ಆಡುವುದು ಅಷ್ಟೇ. ಮಣ್ಣು ಒದ್ದೆಯಾದರೆ ಒಂದು ಲೆಕ್ಕ, ಒಣಗಿದರೆ ಇನ್ನೊಂದು ಲೆಕ್ಕ. ನಮ್ಮ ಪಕ್ಕದ ಮನೆಯಲ್ಲಿ ಅದೊಂದಿದೆ. ಅಂಗಳದ ಮಣ್ಣಿಗೂ ಬೆಟ್ಟದ ಮಣ್ಣಿಗೂ 7 ಅಂತಲೇ ತೋರಿಸುತ್ತದೆ.

ನಾನು ಹೇಳುತ್ತಿರುವುದು ತುದಿಯಲ್ಲಿ ಗಾಜಿನ ಬುರುಡೆ ಇರುವ ಪೆನ್. ಮೀನು ಸಾಕುವವರು, ನೀರು ಪರೀಕ್ಷೆ ಮಾಡುವವರು ಬಳಸುವಂಥದ್ದು. ಆ ಗಾಜು ತೆಳ್ಳಗಿರುತ್ತದೆ. ಅದರ ಎರಡು ಬದಿಯ, ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನುಗಳ ವ್ಯತ್ಯಾಸಕ್ಕೆ ತಕ್ಕಂತೆ ವೋಲ್ಟೇಜ್ ಹುಟ್ಟುತ್ತದೆ, ಪೆನ್ ಅದನ್ನು ಓದಿ ಅಂಕಿ ತೋರಿಸುತ್ತದೆ. ಪೆಟ್ಟಿಗೆಯಲ್ಲಿ ಬಫರ್ ಪುಡಿಯ, ಅಂದರೆ ಕರಗಿಸಿದಾಗ ಇಂತಿಷ್ಟೇ ಪಿಎಚ್ ಕೊಡುವ ಪುಡಿಯ, ಪೊಟ್ಟಣಗಳು ಇರುತ್ತವೆ. ನನಗೆ ಬಂದದ್ದು 4.00 ಮತ್ತು 6.86. ನಮ್ಮಂಥ ಹುಳಿ ಮಣ್ಣಿನವರಿಗೆ ಈ ಎರಡೇ ಬೇಕಾದದ್ದು. ಪೊಟ್ಟಣದ ಮೇಲೆ ಬರೆದಷ್ಟು ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಪೆನ್ನನ್ನು ಅದ್ದಿ, ಎರಡು ಕಡೆಯೂ ಸರಿಹೊಂದಿಸಿಕೊಳ್ಳಬೇಕು. ಇದನ್ನು ಬಿಟ್ಟರೆ ಉಳಿದ ಕೆಲಸವೆಲ್ಲ ವ್ಯರ್ಥ. ಗ್ಯಾರೇಜಿನಲ್ಲಿ ಬ್ಯಾಟರಿಗೆ ಹಾಕುವ ನೀರು ಸಾಕಾಗುತ್ತದೆ. ಬಾವಿ ನೀರು ಬೇಡ, ಅದಕ್ಕೆ ಅದರದ್ದೇ ಪಿಎಚ್ ಇದೆ.

ಮಣ್ಣು ತೆಗೆಯುವ ಕ್ರಮ ಹೀಗೆ. ಮರದ ಬುಡದಿಂದ ಒಂದು ಮಾರು ದೂರ ನಿಂತು ಮೇಲಿನ ದರಕನ್ನೆಲ್ಲ ಸರಿಸಿ. ಕೆಳಗಿನ ಮಣ್ಣನ್ನು ಒಂದು ಗೇಣಿಗಿಂತ ಕಡಿಮೆ ಆಳದವರೆಗೆ ತೆಗೆಯಿರಿ. ಮರದ ಸುತ್ತ ನಾಲ್ಕೈದು ಕಡೆ ತೆಗೆದು ಒಟ್ಟು ಮಾಡಿ. ನೆರಳಲ್ಲಿ ಒಣಗಿಸಿ, ಜರಡಿ ಹಿಡಿಯಿರಿ. 20 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ನೀರು. ಪ್ರಯೋಗಾಲಯಗಳಲ್ಲೂ ಇದೇ ಒಂದಕ್ಕೆ ಎರಡೂವರೆಯ ಅಳತೆ. ಅರ್ಧ ಗಂಟೆ ಆಗಾಗ ಕಲಕಿ, ಸ್ವಲ್ಪ ತಿಳಿಯಾಗಲು ಬಿಟ್ಟು ಮೇಲಿನ ನೀರಿಗೆ ಪೆನ್ ಅದ್ದಿ. ಅಂಕಿ ನಿಲ್ಲುವವರೆಗೆ ಕಾಯಿರಿ. ಒಂದೇ ದಿನ ತೆಗೆದ ಮಣ್ಣನ್ನು ಒಂದೇ ದಿನ ಅಳೆಯಿರಿ. ಬೇಸಿಗೆಯ ಮಣ್ಣನ್ನು ಮಳೆಗಾಲದ ಮಣ್ಣಿನ ಜೊತೆ ಹೋಲಿಸಬೇಡಿ. ಮಣ್ಣಿನಲ್ಲಿ ಲವಣ ಎಷ್ಟಿದೆ ಅನ್ನುವುದರ ಮೇಲೆ ಅಂಕಿ ಮೇಲೆ ಕೆಳಗೆ ಆಗುತ್ತದೆ.

ನಮ್ಮಲ್ಲಿ ಬಂದದ್ದು ಇಷ್ಟು. ಮತ್ತಿ ಬುಡದಲ್ಲಿ 6.0. ನಂದಿ ಬುಡದಲ್ಲಿ 5.8. ಗಾಡಿದಾರಿ ದಾಟಿ ಅಕೇಶಿಯಾ ಬುಡದಲ್ಲಿ 5.2. ನೋಡಲು ಸಣ್ಣ ವ್ಯತ್ಯಾಸ. ಆದರೆ ಪಿಎಚ್ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದ ಹಾಗೆ, 0.3 ಇಳಿದರೆ ಎರಡು ಪಟ್ಟು. ಆ ಲೆಕ್ಕದಲ್ಲಿ ಗಾಡಿದಾರಿಯ ಆ ಕಡೆಯ ಮಣ್ಣು ಈ ಕಡೆಗಿಂತ ಆರು ಪಟ್ಟು ಹುಳಿ. ಹತ್ತು ಹೆಜ್ಜೆಯ ಅಂತರದಲ್ಲಿ!

ಯಾಕೆ ಹೀಗೆ? ಮರ ಬೇರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಳೆದುಕೊಳ್ಳುವಾಗ ಬದಲಿಗೆ ಹೈಡ್ರೋಜನ್ ಅಯಾನನ್ನು ಮಣ್ಣಿಗೆ ಬಿಡುತ್ತದೆ. ಅಂದರೆ ಬೆಳೆಯುವ ಯಾವ ಮರವೂ ಮಣ್ಣನ್ನು ಅಷ್ಟಿಷ್ಟು ಹುಳಿ ಮಾಡುತ್ತದೆ. ವ್ಯತ್ಯಾಸ ಆಗುವುದು ಎಲೆ ಉದುರಿದ ಮೇಲೆ. ಎಲೆಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದು, ಅದು ಬೇಗ ಕೊಳೆತರೆ, ತೆಗೆದುಕೊಂಡದ್ದು ಮಣ್ಣಿಗೆ ವಾಪಸ್ ಬರುತ್ತದೆ. ಹುಳಿ ಕಡಿಮೆಯಾಗುತ್ತದೆ. ಮತ್ತಿ ಈ ಕೆಲಸದಲ್ಲಿ ಗಟ್ಟಿ. ಅದರ ತೊಗಟೆಯಲ್ಲಿ ಕ್ಯಾಲ್ಸಿಯಂ ಎಷ್ಟು ತುಂಬಿರುತ್ತದೆ ಅಂದರೆ, ತೊಗಟೆ ಸುಟ್ಟ ಬೂದಿಯನ್ನು ಹಿಂದೆ ಎಲೆ ಅಡಿಕೆಗೆ ಸುಣ್ಣದ ಬದಲು ಹಚ್ಚಿಕೊಳ್ಳುತ್ತಿದ್ದರು. ಪಶ್ಚಿಮ ಆಫ್ರಿಕಾದ ಇರೋಕೊ ಮರ ಇನ್ನೂ ಮುಂದೆ ಹೋಗಿದೆ. ಅದರೊಳಗಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ತಿಂದು ಸುಣ್ಣವಾಗಿ ಬದಲಿಸುತ್ತವೆ. ಹುಳಿ ಮಣ್ಣಿನ ಕಾಡಿನ ನಡುವೆ ಆ ಮರದ ಸುತ್ತ ಮಾತ್ರ ಸುಣ್ಣದ ಮಣ್ಣು.

ಅಕೇಶಿಯಾದ ಕತೆ ಬೇರೆ. ನಾವು ಎಲೆ ಅನ್ನುವುದು ನಿಜವಾಗಿ ಅಗಲವಾದ ತೊಟ್ಟು. ದಪ್ಪ, ಚಿವುಟಿದರೆ ಹರಿಯದಷ್ಟು ಗಟ್ಟಿ. ಮಳೆಗಾಲ ಕಳೆದರೂ ಹಾಗೇ ಬಿದ್ದಿರುತ್ತದೆ. ನಮ್ಮ ಅತ್ತೆ ಪಿಎಚ್ ಅನ್ನುವ ಶಬ್ದ ಕೇಳುವ ಎಷ್ಟೋ ಮೊದಲೇ ಹೇಳುತ್ತಿದ್ದರು, "ಅಕೇಶಿಯಾ ದರಕು ತರಡ ಮಾರಾಯ್ತಿ, ಅದು ಗೊಬ್ಬರನೇ ಆಗ್ತಿಲ್ಲೆ" ಅಂತ. ಕೊಟ್ಟಿಗೆಗೆ ಹಾಕಿದರೂ ಹಾಗೇ ಉಳಿಯುತ್ತದೆ. ಇನ್ನೊಂದು ಕಾರಣವೂ ಇದೆ. ಅಕೇಶಿಯಾ ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ. ಅದು ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಹುಳಿ ಹುಟ್ಟುತ್ತದೆ. ಬಳಕೆಯಾಗದ ನೈಟ್ರೇಟ್ ನಮ್ಮ ಜಡಿಮಳೆಗೆ ಬಸಿದು ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಜೊತೆಗೆ ಎಳೆದೊಯ್ಯುತ್ತದೆ. ಹಾಗಂತ ಸಾರಜನಕ ಹಿಡಿಯುವ ಮರಗಳೆಲ್ಲ ಕೆಟ್ಟವು ಅಂತಲ್ಲ. ಗೊಬ್ಬರಗಿಡವೂ (ಗ್ಲಿರಿಸಿಡಿಯಾ) ಅದೇ ಕೆಲಸ ಮಾಡುತ್ತದೆ. ಆದರೆ ಅದರ ಸೊಪ್ಪು ಮೆತ್ತಗೆ, ಬೇಗ ಕರಗುತ್ತದೆ, ಹೊತ್ತದ್ದನ್ನು ಕೂಡಲೇ ಮಣ್ಣಿಗೆ ಇಳಿಸುತ್ತದೆ.

ಇದು ನನ್ನ ಒಬ್ಬಳ ಬೆಟ್ಟದ ಮಾತಲ್ಲ. ಪೋಲೆಂಡಿನ ಸಿಯೆಮಿಯಾನಿತ್ಸೆ ಅನ್ನುವಲ್ಲಿ 1970ರ ಸುಮಾರಿಗೆ ಒಂದೇ ಜಾಗದಲ್ಲಿ 14 ಜಾತಿಯ ಮರಗಳನ್ನು ಪಕ್ಕ ಪಕ್ಕ ನೆಟ್ಟರು. ಸುಮಾರು 30 ವರ್ಷದ ಮೇಲೆ ನೋಡಿದರೆ ಒಂದೊಂದರ ಅಡಿಯ ಮಣ್ಣೂ ಬೇರೆಯಾಗಿತ್ತು. ಲಿಂಡೆನ್, ಮೇಪಲ್ ಮರಗಳ ಉದುರೆಲೆಯಲ್ಲಿ ಕ್ಯಾಲ್ಸಿಯಂ ಜಾಸ್ತಿ. ಅವುಗಳ ಅಡಿ ಪಿಎಚ್ ಜಾಸ್ತಿ, ಅಂದರೆ ಹುಳಿ ಕಡಿಮೆ, ಎರೆಹುಳು ಹೆಚ್ಚು. ಪೈನ್ ಅಡಿ ಅದರ ಉಲ್ಟಾ. ಸೂಜಿ ಎಲೆ ಕೆಟ್ಟದ್ದು, ಅಗಲ ಎಲೆ ಒಳ್ಳೆಯದು ಅನ್ನುವ ಸುಲಭದ ಲೆಕ್ಕ ಅಲ್ಲಿ ನಡೆಯಲಿಲ್ಲ. ಎಲೆಯೊಳಗಿನ ಕ್ಯಾಲ್ಸಿಯಂ ಲೆಕ್ಕ ನಡೆಯಿತು. ಎರೆಹುಳಕ್ಕೂ ಕ್ಯಾಲ್ಸಿಯಂ ಬೇಕು. ಅದರ ಗಂಟಲ ಹತ್ತಿರದ ಗ್ರಂಥಿಗಳು ಸುಣ್ಣದ ಹರಳು ಮಾಡುತ್ತವೆ. ಕ್ಯಾಲ್ಸಿಯಂ ಇರುವ ಎಲೆಯನ್ನು ಹುಳು ಮಣ್ಣಿನೊಳಗೆ ಎಳೆದುಕೊಂಡು ಹೋಗಿ ತಿನ್ನುತ್ತದೆ, ಮಣ್ಣು ಸಡಿಲವಾಗುತ್ತದೆ. ನಮ್ಮಲ್ಲೂ ಮತ್ತಿ ಅಡಿ ಗುದ್ದಲಿ ಇಟ್ಟರೆ ಹುಳು ಸಿಗುತ್ತದೆ. ಅಕೇಶಿಯಾ ಅಡಿ ಗೆದ್ದಲು ಸಿಗುತ್ತದೆ.

ಪೆನ್ ಕೊಂಡದ್ದಕ್ಕೆ ನನಗೆ ನಿಜವಾಗಿ ಖುಷಿ ಆದದ್ದು ಮುಂದಿನ ಅಳತೆಯಲ್ಲಿ. ನಮ್ಮ ಬೆಟ್ಟದಲ್ಲೇ ಎರಡು ಭಾಗ ಇದೆ. ತೋಟಕ್ಕೆ ಹತ್ತಿರದ ಕಡೆ ವರ್ಷ ವರ್ಷ ಸೊಪ್ಪು ಕಡಿಯುತ್ತೇವೆ, ಬೇಸಿಗೆಯಲ್ಲಿ ದರಕು ಗುಡಿಸಿ ಹೊರುತ್ತೇವೆ. ಮೇಲಿನ ತುದಿಗೆ ಆಳು ಸಿಗದೆ ಬಹಳ ಕಾಲದಿಂದ ಯಾರೂ ಹೋಗುತ್ತಿಲ್ಲ. ಎರಡೂ ಕಡೆ ಮತ್ತಿ ಮರವೇ. ಮೇಲೆ 6.0 ಬಂತು ಅಂದೆನಲ್ಲ, ಕೆಳಗೆ ಸೊಪ್ಪು ಕಡಿಯುವ ಮತ್ತಿ ಬುಡದಲ್ಲಿ ಬಂದದ್ದು 5.5. ಮರ ಅದೇ, ಎಲೆ ಅದೇ. ಆದರೆ ಆ ಎಲೆ ಅಲ್ಲಿ ಉಳಿಯುವುದೇ ಇಲ್ಲ. ಬೆಟ್ಟದ ಕ್ಯಾಲ್ಸಿಯಂ ಸೊಪ್ಪಿನ ಹೊರೆಯಲ್ಲಿ ಕೊಟ್ಟಿಗೆಗೆ ಬರುತ್ತದೆ, ಅಲ್ಲಿಂದ ಗೊಬ್ಬರ ಗುಂಡಿಗೆ, ಅಲ್ಲಿಂದ ಅಡಿಕೆ ಬುಡಕ್ಕೆ. ತೋಟ ಚೆನ್ನಾಗಿದೆ ಅಂತ ನಾವು ಹೆಮ್ಮೆ ಪಡುವಾಗ ಅದರ ಬೆಲೆಯನ್ನು ಬೆಟ್ಟ ಕೊಡುತ್ತಾ ಬಂದಿದೆ. ಯುರೋಪಿನ ಕಾಡುಗಳಲ್ಲೂ ಹಿಂದೆ ರೈತರು ಕೊಟ್ಟಿಗೆಗೆ ದರಕು ಗುಡಿಸಿ ಒಯ್ದು ಮಣ್ಣು ಹುಳಿಯಾಗಿ ಬಡವಾದದ್ದು ದಾಖಲಾಗಿದೆ. ಒಳ್ಳೆಯ ಮರ ಆರಿಸಿದರಷ್ಟೇ ಸಾಲದು, ಅದರ ಎಲೆಯನ್ನು ಸ್ವಲ್ಪವಾದರೂ ಅಲ್ಲೇ ಬಿಡಬೇಕು. ನಾವೀಗ ಬೆಟ್ಟವನ್ನು ತುಂಡು ಮಾಡಿಕೊಂಡು ಸರದಿ ಮೇಲೆ ಸೊಪ್ಪು ಕಡಿಯುತ್ತಿದ್ದೇವೆ. ಬಚ್ಚಲ ಒಲೆಯ ಬೂದಿಯಲ್ಲಿ ಒಂದು ಪಾಲನ್ನು ಕೆಳಗಿನ ಮತ್ತಿ ಬುಡಕ್ಕೆ ಎರಚುತ್ತೇವೆ. ಬೂದಿ ನೀರಿಗೆ ಪೆನ್ ಅದ್ದಿ ನೋಡಿ, 10 ದಾಟುತ್ತದೆ. ಅದಕ್ಕೇ ತೆಳುವಾಗಿ ಎರಚಬೇಕು, ರಾಶಿ ಹಾಕಬಾರದು.

ಇನ್ನು ಅಡಿಯಲ್ಲಿ ಬೆಳೆಯುವ ಗಿಡಗಳು. ಪಿಎಚ್ 5.5ರ ಕೆಳಗೆ ಹೋದ ಹಾಗೆ ಮಣ್ಣಿನಲ್ಲಿ ಕಟ್ಟಿಹಾಕಿದ್ದ ಅಲ್ಯೂಮಿನಿಯಂ ಕರಗಿ ನೀರಿಗೆ ಬರಲು ಶುರುವಾಗುತ್ತದೆ. ಎಷ್ಟೋ ಗಿಡಗಳ ಎಳೆ ಬೇರಿಗೆ ಅದು ವಿಷ. ಬೇರಿನ ತುದಿ ಮೊಂಡಾಗುತ್ತದೆ. ರಂಜಕವೂ ಅಲ್ಯೂಮಿನಿಯಂ, ಕಬ್ಬಿಣಗಳ ಜೊತೆ ಸೇರಿಕೊಂಡು ಬೇರಿಗೆ ಸಿಗದ ಹಾಗಾಗುತ್ತದೆ. ನಮ್ಮ ಜಂಬಿಟ್ಟಿಗೆಯಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಎರಡಕ್ಕೂ ಬರ ಇಲ್ಲ. ಹೀಗಾಗಿ ಹುಳಿ ತಡೆಯುವ ಗಿಡಗಳೇ ಅಲ್ಲಿ ಉಳಿಯುತ್ತವೆ. ನೇರಳೆ ಹೂವಿನ ನೆಕ್ಕರೆ ಇದೆಯಲ್ಲ, ಅದು ಅಲ್ಯೂಮಿನಿಯಂ ಹೀರಿ ಎಲೆಯಲ್ಲಿ ಇಟ್ಟುಕೊಂಡೂ ಆರಾಮಾಗಿರುತ್ತದೆ. ಚಹಾ ಗಿಡವೂ ಹಾಗೇ. ಅಂಗಳದ ಹೈಡ್ರೇಂಜಿಯಾ ನಮ್ಮಲ್ಲಿ ನೀಲಿ ಹೂ ಬಿಡುವುದೂ ಇದೇ ಅಲ್ಯೂಮಿನಿಯಂನಿಂದ. ಹುಳಿ ಕಡಿಮೆಯಾದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ನಮ್ಮ ಮತ್ತಿ ಅಡಿಯಲ್ಲಿ ಉಪ್ಪಾಗೆ, ಮುರುಗಲು, ದಾಲ್ಚಿನ್ನಿ, ನೇರಲೆ ಸಸಿಗಳು ತಾವಾಗಿ ಎದ್ದಿವೆ. ಕುಳಿತು ಎಣಿಸಿದರೆ ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ಏಳೆಂಟು ಜಾತಿ ಸಿಗುತ್ತದೆ. ಅಕೇಶಿಯಾ ಅಡಿ ಅಷ್ಟೇ ಜಾಗದಲ್ಲಿ ದರಕಿನ ದಪ್ಪ ಪದರ, ಅಂಚಿನಲ್ಲಿ ನೆಕ್ಕರೆ, ಜರಿಗಿಡ. ಇದಕ್ಕೆ ಹುಳಿ ಒಂದೇ ಕಾರಣ ಅನ್ನಲಾರೆ. ಬಿದ್ದ ಬೀಜ ಆ ಪದರ ದಾಟಿ ಮಣ್ಣು ಮುಟ್ಟುವುದೇ ಕಷ್ಟ. ಬೇಸಿಗೆಯಲ್ಲಿ ಆ ದರಕಿಗೆ ಬೆಂಕಿ ಬಿದ್ದರೆ ಮೊಳೆತ ಸಸಿಯೂ ಹೋಯಿತು.

ಅಕೇಶಿಯಾಗೆ ನ್ಯಾಯ ಆಗುವ ಎರಡು ಮಾತು ಹೇಳಲೇಬೇಕು. ಅದನ್ನು ನೆಟ್ಟದ್ದು ಹೆಚ್ಚಾಗಿ ಬೋಳು ಗುಡ್ಡಗಳಲ್ಲಿ, ಮೇಲ್ಮಣ್ಣು ಆಗಲೇ ತೊಳೆದು ಹೋದ ಜಾಗಗಳಲ್ಲಿ. ತೋಪಿನ ಪಕ್ಕ ಮರವೇ ಇಲ್ಲದ ಬಯಲಿನ ಮಣ್ಣನ್ನೂ ಅಳೆದೆ, 5.4 ಬಂತು. ಹಾಗಾಗಿ ಮತ್ತಿಗೂ ಅಕೇಶಿಯಾಕ್ಕೂ ನಡುವಿನ 0.8ರಲ್ಲಿ ದೊಡ್ಡ ಪಾಲು ಜಾಗದ್ದೇ ಇರಬಹುದು, ಪೂರ್ತಿ ಮರದ ತಲೆಗೆ ಕಟ್ಟುವುದು ಸರಿಯಲ್ಲ. ಇನ್ನೊಂದು, ತೋಪು ಹಳೆ ಕಾಡಿಗೆ ತಾಗಿಕೊಂಡಿರುವ ಕಡೆ, ಬೆಂಕಿ ಬೀಳದಿದ್ದರೆ, ಹಕ್ಕಿ ತಂದು ಹಾಕಿದ ಬೀಜದಿಂದ ಕಾಡುಜಾತಿಗಳು ಅದರ ನೆರಳಲ್ಲೂ ಮೇಲೆ ಬರುತ್ತಿವೆ. ನಾನೇ ನೋಡಿದ್ದೇನೆ. ನನ್ನ ತಕರಾರು ಇರುವುದು ಒಂದೇ ಜಾತಿಯನ್ನು ಗುಡ್ಡದ ತುಂಬ ನೆಟ್ಟು, ಕಡಿದು ಮರ ಸಾಗಿಸಿ, ಮತ್ತೆ ಅದನ್ನೇ ನೆಡುವುದರ ಬಗ್ಗೆ. ಮರದ ಜೊತೆ ಅದರೊಳಗಿನ ಕ್ಯಾಲ್ಸಿಯಂ ಕೂಡ ಲಾರಿ ಹತ್ತಿ ಹೋಗುತ್ತದೆ, ಹುಳಿ ಮಾತ್ರ ಮಣ್ಣಿನಲ್ಲೇ ಉಳಿಯುತ್ತದೆ.

ಪೆನ್ನಿನ ದೋಷಗಳು. ಗಾಜಿನ ಬುರುಡೆ ಒಣಗಬಾರದು. ಮುಚ್ಚಳದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ಹನಿ ಹಾಕಿಡಬೇಕು. ನನ್ನ ಪೆಟ್ಟಿಗೆಯಲ್ಲಿ ಆ ದ್ರಾವಣವೂ ಇರಲಿಲ್ಲ, ಕಾಗದದಲ್ಲಿ ಅದರ ಸುದ್ದಿಯೂ ಇರಲಿಲ್ಲ. ಮಾರಿದವರನ್ನು ಕೇಳಿದರೆ ಸುಮ್ನೆ ನೀರಲ್ಲಿ ಇಡಿ ಅಂದರು. ಡಿಸ್ಟಿಲ್ಡ್ ನೀರಲ್ಲಿ ಇಡುವುದು ಎಲೆಕ್ಟ್ರೋಡ್, ಅಂದರೆ ಬುರುಡೆ ಇರುವ ಆ ತುದಿ, ಹಾಳು ಮಾಡುವ ದಾರಿ. ಕೆಸರಿಗೆ ಅದ್ದಿ ಅದ್ದಿ ಎಲೆಕ್ಟ್ರೋಡ್‌ನ ರಂಧ್ರ ಕಟ್ಟಿದರೆ ಅಂಕಿ ನಿಧಾನವಾಗುತ್ತದೆ. ಅಗ್ಗದ ಪೆನ್ನಿನಲ್ಲಿ ಎಲೆಕ್ಟ್ರೋಡ್ ಬದಲಾಯಿಸಲು ಆಗುವುದಿಲ್ಲ, ಅದು ಹೋದರೆ ಪೆನ್ನೇ ಹೋಯಿತು. ಪೆಟ್ಟಿಗೆ ಮೇಲೆ 0.1ರಷ್ಟು ಆಚೀಚೆ ಅಂತ ಬರೆದಿದೆ. ನಾನು 0.2 ಅಂತ ಹಿಡಿಯುತ್ತೇನೆ. ಅದಕ್ಕಿಂತ ಕಡಿಮೆ ವ್ಯತ್ಯಾಸ ಬಂದರೆ ಏನೂ ತೀರ್ಮಾನ ಮಾಡಬೇಡಿ.

ಹಾಗಾದರೆ ಪ್ರಯೋಗಾಲಯಕ್ಕೇ ಕೊಡಬಹುದಲ್ವಾ ಅಂತ ಕೇಳಬಹುದು. ಕೊಡಿ, ತೋಟದ ಮಣ್ಣನ್ನು ಖಂಡಿತ ಕೊಡಿ. ಕೇಂದ್ರ ಸರ್ಕಾರ 2015ರಲ್ಲಿ ತಂದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಪಿಎಚ್ ಜೊತೆ ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಎಲ್ಲ ಸೇರಿ 12 ಅಂಶ ಬರುತ್ತವೆ. ಪೆನ್ ಇದ್ಯಾವುದನ್ನೂ ಹೇಳಲಾರದು. ಎಷ್ಟು ಸುಣ್ಣ ಬೇಕು ಅನ್ನುವುದನ್ನೂ ಹೇಳಲಾರದು. ಒಂದೇ ಪಿಎಚ್ ಇದ್ದರೂ ಜೇಡಿಗೆ ಜಾಸ್ತಿ ಸುಣ್ಣ ಬೇಕು, ಮರಳಿಗೆ ಕಡಿಮೆ. ನಾನು ಒಂದು ಮಾದರಿಯನ್ನು ಎರಡು ಭಾಗ ಮಾಡಿ ಒಂದನ್ನು ಪ್ರಯೋಗಾಲಯಕ್ಕೆ ಕೊಟ್ಟಿದ್ದೆ. ಅವರದ್ದು 5.4, ನನ್ನದು 5.5. ಅಷ್ಟು ಸಾಕು. ಆದರೆ ಬೆಟ್ಟದಲ್ಲಿ ಮರ ಮರಕ್ಕೂ ಒಂದು ಪೊಟ್ಟಣ ಕಟ್ಟಿಕೊಂಡು ಹೋದರೆ ಯಾವ ಪ್ರಯೋಗಾಲಯವೂ ತೆಗೆದುಕೊಳ್ಳುವುದಿಲ್ಲ. ನಾನು ಕೇಳಿದ ಕಡೆ ಸರ್ವೆ ನಂಬರ್ ಹೇಳಿ, ಬೆಳೆ ಹೇಳಿ ಅಂದರು. ಮತ್ತಿ ಅಂದದ್ದಕ್ಕೆ ಫಾರಂನಲ್ಲಿ ಜಾಗವೇ ಇರಲಿಲ್ಲ. ಇದು ಸರಿಯಾಗಬೇಕು. ಬೆಟ್ಟ ಇಲ್ಲದೆ ನಮ್ಮ ತೋಟವೇ ಇಲ್ಲ, ಅದರ ಮಣ್ಣಿಗೂ ಒಂದು ಕಾರ್ಡ್ ಬೇಕು.

ನರ್ಸರಿಯವರಿಗೂ ಒಂದು ಕೋರಿಕೆ ಇದೆ. ಜೂನ್‌ನಲ್ಲಿ ಸಸಿ ತರಲು ಹೋದರೆ ಎತ್ತರ ಎಷ್ಟು ಬೆಳೆಯುತ್ತೆ, ಎಷ್ಟು ವರ್ಷಕ್ಕೆ ಕಡಿಯಬಹುದು ಅಂತ ಹೇಳುತ್ತಾರೆ. ಎಲೆ ಎಷ್ಟು ಬೇಗ ಕೊಳೆಯುತ್ತೆ, ಎಂಥ ಮಣ್ಣಿಗೆ ಒಗ್ಗುತ್ತೆ ಅಂತ ಯಾರೂ ಹೇಳುವುದಿಲ್ಲ. ಸಾಗುವಾನಿ ಸಸಿ ಕೇಳಿದವರಿಗೆಲ್ಲ ಕೊಡುತ್ತಾರೆ. ಸಾಗುವಾನಿಗೆ ಕ್ಯಾಲ್ಸಿಯಂ ಇರುವ, ನೀರು ಬಸಿಯುವ, ಹುಳಿ ಇಲ್ಲದ ಮಣ್ಣು ಬೇಕು. ಹಳಿಯಾಳ, ದಾಂಡೇಲಿ ಕಡೆ ಬರುವ ಮರ ನಮ್ಮ ಜಡಿಮಳೆಯ ಜಂಬಿಟ್ಟಿಗೆಯಲ್ಲಿ ಅಷ್ಟು ಚೆನ್ನಾಗಿ ಬರುವುದಿಲ್ಲ. 5.2 ತೋರಿಸಿದ ಜಾಗಕ್ಕೆ ಸಾಗುವಾನಿ ಒಯ್ಯುವುದು ಸಸಿಗೂ ನಷ್ಟ, ನಿಮಗೂ ನಷ್ಟ.

ನಾವು ಈ ಸಲ ತಂದದ್ದು ಮತ್ತಿ, ಕಿಂದಲ್, ಹೊನ್ನೆ, ತಗ್ಗಿನ ಒದ್ದೆ ಜಾಗಕ್ಕೆ ಹೊಳೆಮತ್ತಿ, ನೆರಳಿಗೆ ಉಪ್ಪಾಗೆ, ಮುರುಗಲು. ಬೇಲಿ ಸಾಲಿಗೆ ಗೊಬ್ಬರಗಿಡದ ಗೂಟ. ಒಂದೇ ಜಾತಿಯ ಸಾಲು ಎಲ್ಲೂ ಮಾಡಿಲ್ಲ.

ನಕ್ಷತ್ರ ಕೊಡಬೇಕು ಅಂದರೆ ಪೆನ್ನಿಗೆ ಐದರಲ್ಲಿ ನಾಲ್ಕು. ಕಡ್ಡಿ ಚುಚ್ಚುವ ಡಬ್ಬಿಗೆ ಒಂದೂ ಇಲ್ಲ. ಕೊಳ್ಳುವಾಗ ಬಫರ್ ಪುಡಿ ಎರಡೂ ಇದೆಯಾ ನೋಡಿ, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ಬಾಟಲಿಯನ್ನು ಬೇರೆಯಾಗಿಯೇ ಕೊಳ್ಳಿ. ಸ್ವಲ್ಪ ಜಾಸ್ತಿ ದುಡ್ಡು ಹಾಕಲು ಆಗುವವರು ಎಲೆಕ್ಟ್ರೋಡ್ ಬದಲಾಯಿಸಬಹುದಾದ ಮಾದರಿ ತೆಗೆದುಕೊಳ್ಳಿ. ಊರಿನ ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಸಾಕು, ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬೆಟ್ಟದ ಮಣ್ಣು ಅಳೆಯುವ ಕೆಲಸ ಯಾರಿಗೂ ಇರುವುದಿಲ್ಲ.